ಸಹಾಯ ಬೇಕು: ಎಕ್ಸಿಮಾಕ್ಕೆ ಗಾಣದ ಕುಸುಬಿ ಎಣ್ಣೆ ಹಚ್ಚಿ ನೋಡಿದವರು ಇದ್ದೀರೇನ್ರಿ?

ಎಲ್ಲರಿಗೂ ನಮಸ್ಕಾರ್ರಿ. ನಾವು ಗದಗ-ಬೆಟಗೇರಿಯವರು. ನನ್ನ ಆರು ವರ್ಷದ ಮಗಳಿಗೆ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ ಎಕ್ಸಿಮಾ ಇದೆ. ಜಾಸ್ತಿ ಏನಿಲ್ಲ ಅಂತ ಚರ್ಮದ ಡಾಕ್ಟರ್ ಅಂದಿದ್ದಾರೆ. ಆದರೆ ಚಳಿಗಾಲದ ಒಣಗಾಳಿ ಶುರುವಾದರೆ ನಿದ್ದೆಯಲ್ಲೇ ಕೆರಕೊಳ್ತಾಳೆ, ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಸಣ್ಣ ಚುಕ್ಕೆಗಳು. ಕರುಳು ಚುರ್ ಅಂತದ.

ಡಾಕ್ಟರ್ ಕೊಟ್ಟ ಮುಲಾಮು ಬಿಡೋದಿಲ್ಲ, ಅದರ ಜೊತೆಗೆ ಎಣ್ಣೆ ನೋಡ್ತಿದ್ದೇನೆ. ಹೋದ ವರ್ಷ ಯಾರೋ ಹೇಳಿದರಂತ ಬೇವಿನೆಣ್ಣೆ ಹಚ್ಚಿ, ಉರಿ ಎದ್ದು ಮಗು ರಾತ್ರಿಯೆಲ್ಲಾ ಅತ್ತಿತು. ಈ ಸಲ ಎರಡು ವಾರದಿಂದ ಎಡಗೈಗೆ ಮಾತ್ರ ಕೊಬ್ಬರಿ ಎಣ್ಣೆ, ಸ್ನಾನವಾಗಿ ಮೈ ಹಸಿ ಇದ್ದಾಗಲೇ. ಬಲಗೈಗೆ ಇಲ್ಲ. ಎಡಗೈ ಸ್ವಲ್ಪ ಮೆತ್ತಗಾಗಿದೆ.

ಕುಸುಬಿ ಎಣ್ಣೆಯಲ್ಲಿ ಲಿನೋಲೆಯಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ ಸುಮಾರು 70% ಇರ್ತದೆ, ತೇವ ಹೊರಹೋಗದಂತೆ ಕಾಯೋ ಚರ್ಮದ ತಡೆಪದರಕ್ಕೆ ಬೇಕಾಗಿರೋದೇ ಅದು. ಆಲಿವ್ ಎಣ್ಣೆಯಲ್ಲಿ ಒಲೆಯಿಕ್ ಆಮ್ಲ ಹೆಚ್ಚು, ಅದು ಆ ಪದರವನ್ನೇ ಸಡಿಲ ಮಾಡ್ತದೆ, ಅದು ಬೇಡ. ನಮ್ಮ ಎರಿಹೊಲದಲ್ಲೇ ಬೆಳೆಯೋ ಕುಸುಬಿ ಇರುವಾಗ ಅದನ್ನೇ ನೋಡಬೇಕು ಅನಿಸಿದೆ.

ಗದಗ, ಅಣ್ಣಿಗೇರಿ, ಹುಬ್ಬಳ್ಳಿ ಕಡೆ ಬಿಸಿ ಮಾಡದೆ, ಬೇರೆ ಎಣ್ಣೆ ಬೆರೆಸದೆ ಕುಸುಬಿ ಹಿಂಡಿಕೊಡೋ ಗಾಣ ಎಲ್ಲಿದೆ? ಶೇಂಗಾ ಹಿಂಡಿದ ಗಾಣದಲ್ಲೇ ತೆಗೆದರೆ ಅಲರ್ಜಿ ಭಯ, ಹಂಗಾಗಿ ಕೇಳ್ತಿದ್ದೇನೆ. ಮಕ್ಕಳಿಗೆ ಹಚ್ಚಿದವರು ಎಷ್ಟು ದಿನಕ್ಕೆ ಫರಕು ಕಂಡಿತು, ಕೆಂಪಗಾಯಿತೇನು, ದಯವಿಟ್ಟು ತಿಳಿಸ್ರಿ.