ವಾರದ ಎಡಿಟಿಂಗ್ ಸವಾಲು: ಇಟಗಿಯ ಚಿತ್ರಕ್ಕೆ ಇಲ್ಲದ ಮೋಡ ಸೇರಿಸಬಹುದೇ?

ಪ್ರಶ್ನೆ (ಕೊಪ್ಪಳದಿಂದ)

ಎಲ್ಲರಿಗೂ ನಮಸ್ಕಾರ. ವಾರಕ್ಕೊಬ್ಬರು ತಾವು ತೆಗೆದ ಒಂದು ಚಿತ್ರದ ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಕಡತವನ್ನು) ನಮ್ಮ ಫೋಟೋ ಬಳಗಕ್ಕೆ ಕೊಡುವುದು, ಉಳಿದವರು ಅದನ್ನು ತಮಗೆ ತೋಚಿದಂತೆ ಎಡಿಟ್ ಮಾಡಿ ಹಾಕುವುದು, ಚಿತ್ರ ಕೊಟ್ಟವರು ತಮಗೆ ಹಿಡಿಸಿದ ಒಂದನ್ನು ಆರಿಸುವುದು, ಆಯ್ಕೆಯಾದವರು ಮುಂದಿನ ವಾರದ ಚಿತ್ರ ಕೊಡುವುದು, ಇದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಬಹುಮಾನವಿಲ್ಲ, ಅಂಕಗಳಿಲ್ಲ. ಹಾಗಾಗಿಯೇ ಇಷ್ಟು ದಿನ ನಿಯಮಗಳ ಅಗತ್ಯವೂ ಬಿದ್ದಿರಲಿಲ್ಲ.

ಈ ವಾರದ ಸರದಿ ನನ್ನದು. ನಮ್ಮ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ತೆರೆದ ಮಂಟಪವನ್ನು ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ ಚಿತ್ರವನ್ನು ಕೊಟ್ಟಿದ್ದೆ. ಹೊರಸಾಲಿನ ಕಂಬಗಳ ಮೇಲೆ ಬಿಸಿಲಿದೆ, ಒಳಗೆ ಕತ್ತಲೆಯಿದೆ, ನೆರಳಿನ ಭಾಗಕ್ಕೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿದ್ದರಿಂದ ಆಕಾಶ ಪೂರ್ತಿ ಬೆಳ್ಳಗಾಗಿದೆ, ಎಡಮೂಲೆಯಲ್ಲಿ ಒಂದು ವಿದ್ಯುತ್ ತಂತಿ ಹಾದುಹೋಗಿದೆ. ಬಂದ ಎಡಿಟ್‌ಗಳಲ್ಲಿ ಮೂರರ ಬಗ್ಗೆ ನನಗೆ ಗೊಂದಲವಿದೆ. ಒಬ್ಬರು ಬಿಳಿ ಆಕಾಶವನ್ನು ತೆಗೆದು ಮುಂಗಾರಿನ ದಟ್ಟ ಮೋಡಗಳನ್ನು ಕೂರಿಸಿ, ತಂತಿಯನ್ನೂ ಅಳಿಸಿದ್ದಾರೆ. ಇನ್ನೊಬ್ಬರು ಇಡೀ ದೇವಾಲಯಕ್ಕೆ ಕಿತ್ತಳೆ ಬಣ್ಣ ಬರುವಂತೆ ಮಾಡಿದ್ದಾರೆ. ಮೂರನೆಯವರು ಉಳಿದೆಲ್ಲವನ್ನೂ ಕ್ರಾಪ್ ಮಾಡಿ, ಕಡೆದ ಒಂದೇ ಕಂಬದ ಬಳೆಗಳನ್ನು ಕಪ್ಪು-ಬಿಳುಪಿನಲ್ಲಿ ತೋರಿಸಿದ್ದಾರೆ. ಮೊದಲನೆಯ ಚಿತ್ರಕ್ಕೆ ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಬಂದಿದೆ. ಅದು ನೋಡಲು ಚೆನ್ನಾಗಿಯೇ ಇದೆ, ಆದರೆ ಅದನ್ನು ಆರಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಎಡಿಟಿಂಗ್ ಎಂದರೆ ಎಲ್ಲಿಯವರೆಗೆ ಎಂದು ನಾವು ಒಂದು ಗೆರೆ ಹಾಕಿಕೊಳ್ಳಬೇಕೇ? ಹಾಕಿಕೊಳ್ಳುವುದಾದರೆ ಎಲ್ಲಿ? ಇದರ ಜೊತೆಗೆ, ಕಂಪ್ಯೂಟರ್ ಇಲ್ಲದೆ ಬರೀ ಮೊಬೈಲಿನಲ್ಲಿ ಎಡಿಟ್ ಮಾಡುವ ಸದಸ್ಯರು ರಾ ಫೈಲ್ ತೆರೆಯುವುದೇ ಕಷ್ಟವೆಂದು ಹೇಳುತ್ತಿದ್ದಾರೆ. ಅವರಿಗೆ ಏನು ಅನುಕೂಲ ಮಾಡಿಕೊಡಬಹುದು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 (ರಾಯಚೂರಿನಿಂದ)

ಗೆರೆ ಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಮತ್ತು ಆ ಗೆರೆಯನ್ನು ನಾವು ಹೊಸದಾಗಿ ಕಂಡುಹಿಡಿಯಬೇಕಾಗಿಯೂ ಇಲ್ಲ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಎಂಬ ಸುದ್ದಿಚಿತ್ರಗಳ ಸ್ಪರ್ಧೆಯಲ್ಲಿ ಬಹುಮಾನ ಪಡೆದಿದ್ದ ಒಂದು ಚಿತ್ರಸರಣಿಯನ್ನು ಅನರ್ಹಗೊಳಿಸಲಾಯಿತು. ಅದರ ಒಂದು ಚಿತ್ರದ ಮೂಲವನ್ನು ತರಿಸಿ ನೋಡಿದಾಗ, ಬ್ಯಾಂಡೇಜ್ ಸುತ್ತಿದ ಕೈಯೊಂದರ ಹಿಂದೆ ಇಣುಕುತ್ತಿದ್ದ ಇನ್ನೊಬ್ಬ ವ್ಯಕ್ತಿಯ ಪಾದದ ತುಣುಕನ್ನು ಅಳಿಸಿರುವುದು ಕಂಡುಬಂದಿತ್ತು. ಅದೇ ಚಿತ್ರವನ್ನು ಛಾಯಾಗ್ರಾಹಕರು ದೊಡ್ಡ ಪ್ರಮಾಣದಲ್ಲಿ ಕ್ರಾಪ್ ಮಾಡಿದ್ದರು, ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದ್ದರು, ಅಂಚುಗಳನ್ನು ಗಾಢವಾಗಿಸಿದ್ದರು. ಅದಾವುದೂ ಅನರ್ಹತೆಗೆ ಕಾರಣವಾಗಲಿಲ್ಲ, ಅಳಿಸಿದ ಆ ಚಿಕ್ಕ ತುಣುಕು ಕಾರಣವಾಯಿತು. ಕ್ಯಾಮೆರಾ ಕಂಡದ್ದನ್ನು ಹೇಗೆ ಬೇಕಾದರೂ ತೋರಿಸಿರಿ, ಕಾಣದ್ದನ್ನು ಸೇರಿಸಬೇಡಿ, ಕಂಡದ್ದನ್ನು ಅಳಿಸಬೇಡಿ ಎಂಬುದು ಅಲ್ಲಿನ ನಿಲುವು. ಈ ಅಳತೆಯಲ್ಲಿ ನೋಡಿದರೆ ಕಪ್ಪು-ಬಿಳುಪಿನ ಕಂಬ ಗೆರೆಯ ಒಳಗಿದೆ, ಮೋಡ ಮತ್ತು ತಂತಿ ಎರಡೂ ಹೊರಗಿವೆ.

ನಾವು ಪತ್ರಿಕೆಯವರಲ್ಲ, ಇದು ಆಟ ಎಂದು ಯಾರಾದರೂ ಹೇಳಬಹುದು. ಆದರೆ ಮೋಡದ ಚಿತ್ರವನ್ನು ಒಮ್ಮೆ ದೊಡ್ಡದು ಮಾಡಿ ನೋಡಿರಿ. ಮಂಟಪದ ನೆಲದ ಮೇಲೆ ಕಂಬಗಳ ನೆರಳು ಚೂರಿಯಿಂದ ಕೊಯ್ದಂತೆ ಚೂಪಾಗಿ ಬಿದ್ದಿದೆ, ಮೇಲೆ ಮಾತ್ರ ಸೂರ್ಯನ ಸುಳಿವೇ ಇಲ್ಲದ ಕಾರ್ಮೋಡ ಕವಿದಿದೆ. ದಟ್ಟ ಮೋಡವಿರುವ ದಿನ ಬೆಳಕು ಇಡೀ ಆಕಾಶದಿಂದ ಹರಡಿಕೊಂಡು ಬರುವುದರಿಂದ ಅಂತಹ ನೆರಳು ಬೀಳುವುದಿಲ್ಲ. ಎಡಿಟ್ ಮಾಡಿದವರು ಈ ಬೆಳಕನ್ನು ಗಮನಿಸಿಲ್ಲ, ಮೆಚ್ಚಿದ ನಾವೂ ಗಮನಿಸಲಿಲ್ಲ. ಸವಾಲಿನ ಉದ್ದೇಶ ಬೆಳಕನ್ನು ಓದಲು ಕಲಿಯುವುದೇ ಆಗಿದ್ದರೆ ಇದು ಸಣ್ಣ ಲೋಪವಲ್ಲ.

ನನ್ನ ಸಲಹೆ ಏನೆಂದರೆ, ಪ್ರತಿಯೊಬ್ಬರೂ ಚಿತ್ರದ ಕೆಳಗೆ ತಾವು ಮಾಡಿದ ಕೆಲಸವನ್ನು ನಾಲ್ಕು ಸಾಲುಗಳಲ್ಲಿ ಬರೆಯುವುದನ್ನು ಕಡ್ಡಾಯ ಮಾಡೋಣ. ಯಾವ ಸ್ಲೈಡರ್ ಎಷ್ಟು ಎಂಬುದಕ್ಕಿಂತ ಏಕೆ ಎಂಬುದು ಮುಖ್ಯ. ಹಿಂದೊಮ್ಮೆ ನಮ್ಮ ಊರಿನ ಎಪಿಎಂಸಿ ಅಂಗಳದಲ್ಲಿ ಒಣಮೆಣಸಿನಕಾಯಿ ರಾಶಿಯ ಚಿತ್ರವನ್ನು ಕೊಟ್ಟಾಗ ಬಹುತೇಕ ಎಲ್ಲರೂ ಸ್ಯಾಚುರೇಶನ್ (ಬಣ್ಣದ ತೀವ್ರತೆ) ಏರಿಸಿದ್ದರು. ಕೆಂಪು ಚಾನೆಲ್ (ಚಿತ್ರದ ಕೆಂಪು, ಹಸಿರು, ನೀಲಿ ಪಾಲುಗಳಲ್ಲಿ ಕೆಂಪಿನದು) ತುದಿ ಮುಟ್ಟಿ, ಕಾಯಿಗಳ ಸುಕ್ಕು, ಮಡಿಕೆ ಎಲ್ಲವೂ ಮಾಯವಾಗಿ ರಾಶಿ ಕೆಂಪು ಬಣ್ಣ ಬಳಿದ ಗೋಡೆಯಂತಾಗಿತ್ತು. ಒಬ್ಬ ಸದಸ್ಯರು ಮಾತ್ರ ಸ್ಯಾಚುರೇಶನ್ ಮುಟ್ಟದೆ, ಕೆಂಪಿನ ಹೊಳಪನ್ನಷ್ಟೇ ತಗ್ಗಿಸಿ, ಹಾಗೆ ಮಾಡಿದ ಕಾರಣವನ್ನೂ ಬರೆದಿದ್ದರು. ಹಿಸ್ಟೋಗ್ರಾಮಿನಲ್ಲಿ (ಚಿತ್ರದ ಕತ್ತಲು-ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ) ಮೂರೂ ಚಾನೆಲ್‌ಗಳನ್ನು ಬೇರೆಬೇರೆಯಾಗಿ ನೋಡುವ ಅಭ್ಯಾಸ ನನಗೆ ಬಂದದ್ದು ಆ ನಾಲ್ಕು ಸಾಲುಗಳಿಂದ. ಚಿತ್ರ ಬರೀ ಚೆನ್ನಾಗಿದೆ ಎಂದು ಹೊಗಳಿ ಹೋಗಿದ್ದರೆ ಅದು ಬರುತ್ತಿರಲಿಲ್ಲ.

ಉತ್ತರ 2 (ಬಳ್ಳಾರಿಯಿಂದ)

ರಾಯಚೂರಿನ ಸ್ನೇಹಿತರ ನೆರಳಿನ ಮಾತು ಒಪ್ಪತಕ್ಕದ್ದೇ. ನಿಯಮದ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಾನು ಸ್ಟುಡಿಯೋ ನಡೆಸುವವನು. ಮದುವೆಯ ಆಲ್ಬಂ ಮಾಡುವಾಗ ಧಾರೆಯ ಹೊತ್ತಿನಲ್ಲಿ ಹಿಂದೆ ನಿಂತು ಮೊಬೈಲ್ ನೋಡುತ್ತಿದ್ದವರನ್ನು ಅಳಿಸಿಕೊಡಿ ಎಂದು ಹೆಣ್ಣಿನ ತಂದೆಯೇ ಬಂದು ಕೇಳುತ್ತಾರೆ, ನಾವು ಅಳಿಸಿಕೊಡುತ್ತೇವೆ. ಅದರಲ್ಲಿ ಯಾರಿಗೂ ಮೋಸವಾಗುವುದಿಲ್ಲ. ಸುದ್ದಿಚಿತ್ರದ ನೀತಿಯನ್ನು ತಂದು ವಾರದ ಆಟಕ್ಕೆ ಕಟ್ಟಿದರೆ ಹೊಸಬರು ಹತ್ತಿರವೇ ಬರುವುದಿಲ್ಲ.

ಆಕಾಶ ಬದಲಿಸುವುದು ಇಂದಿನ ಸಾಫ್ಟ್‌ವೇರ್ ತಂದ ಕೆಡುಕು ಎಂಬ ಭಾವನೆಯೂ ಸರಿಯಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ನಮ್ಮ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. (2021ರಿಂದ ಹಂಪಿ ವಿಜಯನಗರ ಜಿಲ್ಲೆಗೆ ಸೇರಿದೆ, ಆದರೂ ನಾವು ಬಳ್ಳಾರಿಯವರು ನಮ್ಮದೆಂದೇ ಹೇಳುತ್ತೇವೆ.) ಆ ಕಾಲದ ರಾಸಾಯನಿಕಗಳು ಮುಖ್ಯವಾಗಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದುದರಿಂದ, ಬಂಡೆ ಮತ್ತು ಗೋಪುರಗಳು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಅತಿಯಾಗಿ ಬೆಳಕು ತಿಂದು, ಪ್ರಿಂಟಿನಲ್ಲಿ ಬರೀ ಬಿಳಿಯಾಗಿ ಉಳಿಯುತ್ತಿತ್ತು. ಕೊಪ್ಪಳದ ಸ್ನೇಹಿತರ ಇಟಗಿಯ ಚಿತ್ರಕ್ಕೆ ಆಗಿರುವುದೂ ಬೇರೆ ಕಾರಣದಿಂದ ಅದೇ. ಮೇಣದ ಕಾಗದದ ವಿಧಾನವನ್ನು ರೂಪಿಸಿದ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಅವರೇ ಅದೇ ದಶಕದಲ್ಲಿ ಸಮುದ್ರಕ್ಕೆ ಒಂದು, ಆಕಾಶಕ್ಕೆ ಒಂದು ಎಂದು ಎರಡು ನೆಗೆಟಿವ್‌ಗಳನ್ನು ಜೋಡಿಸಿ ಪ್ರಿಂಟ್ ಮಾಡಿದರು. ಆ ಚಿತ್ರಗಳನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಗೌರವದಿಂದ ಇಟ್ಟಿದ್ದಾರೆ.

ಆದ್ದರಿಂದ ಮೋಡ ಹಾಕಿದವರಿಗೆ ನಾನು ಹೇಳುವುದು ಇಷ್ಟೇ. ಹಾಕಿರಿ, ಆದರೆ ಆ ಬಿಸಿಲಿಗೆ ಹೊಂದುವ ಆಕಾಶವನ್ನು ಹಾಕಿರಿ. ತೆಳುವಾದ ಬಿಳಿ ಎಳೆಗಳಿರುವ ನೀಲಿ ಆಕಾಶವಾಗಿದ್ದರೆ, ಕ್ಷಿತಿಜದ ಕಡೆ ಅದನ್ನು ಸ್ವಲ್ಪ ತಿಳಿಯಾಗಿಸಿದ್ದರೆ, ಕಂಬಗಳ ಅಂಚಿನಲ್ಲಿ ಉಳಿದಿರುವ ಬಿಳಿ ಗೆರೆಯನ್ನು ಮಾಸ್ಕ್ (ಎಡಿಟ್ ತಾಗಬೇಕಾದ ಭಾಗವನ್ನಷ್ಟೇ ಗುರುತಿಸುವ ಹೊದಿಕೆ) ಸರಿಪಡಿಸಿ ತೆಗೆದಿದ್ದರೆ, ನಮ್ಮಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಉತ್ತರ 3 (ರಾಯಚೂರಿನಿಂದ, ಮೊದಲು ಉತ್ತರಿಸಿದವರು)

ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದೇ ನನ್ನ ಚಿಂತೆ. ಮದುವೆಯ ಆಲ್ಬಂ ಮನೆಯಲ್ಲಿ ಉಳಿಯುತ್ತದೆ. ಈ ಚಿತ್ರ ನಾಳೆ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೋಗುತ್ತದೆ, ಅಲ್ಲಿಂದ ಯಾವುದೋ ಪ್ರವಾಸದ ಪುಟಕ್ಕೆ ಹೋಗುತ್ತದೆ. ನಿಷೇಧ ಬೇಡವೆಂದರೆ ಬೇಡ. ಸೇರಿಸಿದ್ದು, ಅಳಿಸಿದ್ದು ಇದ್ದಲ್ಲಿ ಅದನ್ನು ಶೀರ್ಷಿಕೆಯಲ್ಲೇ ಬರೆಯಲಿ.

ಉತ್ತರ 4 (ಗಂಗಾವತಿಯಿಂದ)

ಮೋಡದ ಗದ್ದಲದಲ್ಲಿ ಎರಡನೆಯ ಚಿತ್ರದ ಬಗ್ಗೆ ಯಾರೂ ಮಾತನಾಡಲಿಲ್ಲ. ನನ್ನ ಪ್ರಕಾರ ಮೂರರಲ್ಲಿ ಹೆಚ್ಚು ತಪ್ಪಿರುವುದು ಅದೇ, ಅಲ್ಲಿ ಏನನ್ನೂ ಸೇರಿಸದಿದ್ದರೂ ಕೂಡ.

ನಮ್ಮ ಭಾಗದಲ್ಲಿ ಕಲ್ಲು ಎಂದೊಡನೆ ಕಣ್ಣಿಗೆ ಬರುವುದು ಆನೆಗೊಂದಿ, ಅಂಜನಾದ್ರಿ, ಹಿರೇಬೆಣಕಲ್ ಕಡೆಯ ಗ್ರಾನೈಟ್ ಗುಂಡುಗಳು. ಅವು ನಡುಹಗಲಿನಲ್ಲಿ ಬೂದು, ತುಸು ಗುಲಾಬಿ, ಸಂಜೆಯಾಗುತ್ತಲೇ ಕೆಂಡದ ಬಣ್ಣ. ಆ ಬಂಡೆಗಳಿಗೆ ಕಿತ್ತಳೆ ಛಾಯೆ ಕೊಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ, ಏಕೆಂದರೆ ಸಂಜೆ ಹೊಳೆ ದಾಟುವಾಗ ನಾವೆಲ್ಲ ಅದನ್ನು ನೋಡಿದ್ದೇವೆ. ಆದರೆ ಇಟಗಿಯ ಕಲ್ಲು ಗ್ರಾನೈಟ್ ಅಲ್ಲ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಆ ಗುಡಿಗೆ ಬಳಸಿರುವುದು ಬಳಪದ ಕಲ್ಲಿನ ಜಾತಿಯ, ಮೃದುವಾದ, ಹಸಿರು ಬೆರೆತ ಬೂದು ಕಲ್ಲು. ಮೃದುವಾದ್ದರಿಂದಲೇ ಕಂಬಗಳನ್ನು ತಿರುಗಣಿಗೆ ಹಾಕಿ ಅಷ್ಟು ನಯವಾಗಿ ಕಡೆಯಲು ಸಾಧ್ಯವಾಯಿತು. ಕಪ್ಪು-ಬಿಳುಪಿನ ಚಿತ್ರದಲ್ಲಿ ಆ ಬಳೆಗಳ ಅಂಚಿನಲ್ಲಿ ಕೂದಲೆಳೆಯಂತೆ ಹೊಳೆಯುವ ಬೆಳಕು ಕಾಣುತ್ತಿರುವುದೂ ಆ ನಯದಿಂದಲೇ. ಕಿತ್ತಳೆ ಬಳಿದಾಗ ಕಲ್ಲಿನ ಹಸಿರು ಸತ್ತುಹೋಗಿ, ಚಾಲುಕ್ಯರ ಗುಡಿ ಸಿಮೆಂಟಿಗೆ ಬಣ್ಣ ಹಚ್ಚಿದ ಹೊಸ ಗುಡಿಯಂತೆ ಕಾಣುತ್ತಿದೆ.

ಎಡಿಟ್ ಮಾಡಿದವರು ಬೇಕೆಂದು ಹಾಗೆ ಮಾಡಿರಲಿಕ್ಕಿಲ್ಲ ಎಂದು ನನ್ನ ಊಹೆ. ಈ ಚಿತ್ರದಲ್ಲಿ ಎರಡು ಬಗೆಯ ಬೆಳಕಿದೆ. ಬಿಸಿಲು ಬಿದ್ದ ಕಂಬಗಳಿಗೆ ಬೆಳಗಿನ ಹಳದಿ ಬೆಳಕು ಸಿಕ್ಕಿದೆ, ನೆರಳಿನಲ್ಲಿರುವ ಕಂಬಗಳಿಗೆ ಆಕಾಶದಿಂದ ಬರುವ ನೀಲಿ ಬೆಳಕು ಮಾತ್ರ ಸಿಕ್ಕಿದೆ. ನೆರಳಿನ ನೀಲಿಯನ್ನು ಕಳೆಯಲು ವೈಟ್ ಬ್ಯಾಲೆನ್ಸ್ (ಇಡೀ ಚಿತ್ರದ ಬಣ್ಣವನ್ನು ನೀಲಿಗೆ ಇಲ್ಲವೇ ಹಳದಿಗೆ ಸರಿಸುವ) ಸ್ಲೈಡರನ್ನು 7500 ಕೆಲ್ವಿನ್‌ವರೆಗೆ ತಳ್ಳಿದರೆ, ಮೊದಲೇ ಹಳದಿಯಾಗಿದ್ದ ಬಿಸಿಲಿನ ಭಾಗ ಕಿತ್ತಳೆಯಾಗುವುದು ಖಂಡಿತ. ಇಡೀ ಚಿತ್ರಕ್ಕೆ ಹಗಲಿನ ಬೆಳಕಿನ 5500ರ ಆಸುಪಾಸು ಇಟ್ಟು, ನೆರಳಿನ ಭಾಗಕ್ಕೆ ಪ್ರತ್ಯೇಕ ಮಾಸ್ಕ್ ಹಾಕಿ, ಅಲ್ಲಿಯೂ ನೀಲಿಯನ್ನು ಪೂರ್ತಿ ತೆಗೆಯದೆ ಅರ್ಧದಷ್ಟು ಮಾತ್ರ ತಗ್ಗಿಸಿದರೆ ಕಲ್ಲು ಕಲ್ಲಾಗಿ ಉಳಿಯುತ್ತದೆ. ನೆರಳಿನಲ್ಲಿ ಸ್ವಲ್ಪ ತಂಪು ಬಣ್ಣ ಇರಲೇಬೇಕು. ಅದಿಲ್ಲದಿದ್ದರೆ ಮಂಟಪಕ್ಕೆ ಆಳವೇ ಇರುವುದಿಲ್ಲ.

ಆದ್ದರಿಂದ ನನ್ನ ಗೆರೆ ಬೇರೆ ಕಡೆ ಇದೆ. ಸೇರಿಸುವುದು, ಅಳಿಸುವುದಕ್ಕಿಂತ ಮೊದಲು, ವಸ್ತುವಿನ ನಿಜವಾದ ಬಣ್ಣ ಯಾವುದು ಎಂದು ಚಿತ್ರ ಕೊಡುವವರು ಎರಡು ಸಾಲುಗಳಲ್ಲಿ ತಿಳಿಸಬೇಕು. ಸ್ಥಳಕ್ಕೆ ಹೋದವರು ಅವರೊಬ್ಬರೇ. ಹತ್ತಿಯ ಹೊಲವೋ, ಸಂಡೂರಿನ ಕೆಂಪು ಮಣ್ಣೋ, ಕಿನ್ನಾಳದ ಬಣ್ಣದ ಗೊಂಬೆಯೋ, ಅಲ್ಲಿ ನಿಂತು ನೋಡದವನು ಬಣ್ಣವನ್ನು ಊಹಿಸಬೇಕಾಗುತ್ತದೆ. ಊಹೆಯ ಮೇಲೆ ಬೇಕಾದ ರುಚಿ ಬೆರೆಸಲಿ, ಆದರೆ ತಾನು ಯಾವ ಬಣ್ಣದಿಂದ ದೂರ ಹೋಗುತ್ತಿದ್ದೇನೆ ಎಂಬುದಾದರೂ ಗೊತ್ತಿರಲಿ.

ಉತ್ತರ 5 (ಸಿಂಧನೂರಿನಿಂದ)

ಮೊಬೈಲಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ಬಳಿ ಇರುವುದು ಮೊಬೈಲ್ ಒಂದೇ. ಪ್ರತಿಯೊಂದು ಕ್ಯಾಮೆರಾ ಕಂಪನಿಯೂ ತನ್ನದೇ ಬಗೆಯ ರಾ ಫೈಲ್ ಮಾಡುತ್ತದೆ, ಅವೆಲ್ಲವನ್ನೂ ಮೊಬೈಲ್ ಆ್ಯಪ್‌ಗಳು ತೆರೆಯುವುದಿಲ್ಲ. ಕೊಡುವವರು ಅದನ್ನು ಅಡೋಬ್ ಸಂಸ್ಥೆಯ ಉಚಿತ ಪರಿವರ್ತಕದಿಂದ, ಹಲವು ಆ್ಯಪ್‌ಗಳು ತೆರೆಯುವ ರಾ ಬಗೆಯಾದ ಡಿಎನ್‌ಜಿ ಮಾಡಿ ಕೊಟ್ಟರೆ ಸ್ನ್ಯಾಪ್‌ಸೀಡ್, ಲೈಟ್‌ರೂಮ್ ಮೊಬೈಲ್ ಎರಡರಲ್ಲೂ ತೆರೆಯುತ್ತದೆ. ಅದರ ಬದಲು ಜೆಪಿಇಜಿ ಕೊಟ್ಟು ನಮ್ಮನ್ನು ಸಮಾಧಾನಪಡಿಸಬೇಡಿ. 8 ಬಿಟ್‌ನ ಜೆಪಿಇಜಿಯಲ್ಲಿ ಒಂದು ಚಾನೆಲ್ಲಿಗೆ ಕತ್ತಲಿನಿಂದ ಬೆಳಕಿನವರೆಗೆ 256 ಮೆಟ್ಟಿಲುಗಳಿದ್ದರೆ, 14 ಬಿಟ್‌ನ ರಾ ಫೈಲಿನಲ್ಲಿ 16,384 ಇರುತ್ತವೆ. ಈ ಮಂಟಪದಂತಹ ಕತ್ತಲನ್ನು ಜೆಪಿಇಜಿಯಲ್ಲಿ ಎತ್ತಿದರೆ ನಯವಾದ ಕಂಬಗಳ ಮೇಲೆ ಪಟ್ಟೆಗಳು ಬೀಳುತ್ತವೆ.

ಇನ್ನೊಂದು ಮಾತು. ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಬೇಕು, ಇಲ್ಲವಾದರೆ ಅದು ಕುಗ್ಗಿಬಿಡುತ್ತದೆ. ಎಡಿಟ್ ಮಾಡಿದ್ದನ್ನು ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲೇ (ಹೆಚ್ಚಿನ ಪರದೆಗಳಿಗೆ ಹೊಂದುವ ಬಣ್ಣದ ಮಾನದಂಡದಲ್ಲೇ) ಸೇವ್ ಮಾಡಿರಿ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಆನ್ ಆಗಿದ್ದರೆ ಅದನ್ನು ಆಫ್ ಮಾಡಿಯೇ ಕುಳಿತುಕೊಳ್ಳಿ. ಆ ಹಳದಿಯಲ್ಲಿ ಕೂತು ಎಡಿಟ್ ಮಾಡಿದರೆ ಬಣ್ಣದ ಅಂದಾಜು ಖಂಡಿತ ತಪ್ಪುತ್ತದೆ.

ಪ್ರಶ್ನೆ ಕೇಳಿದವರಿಂದ (ಕೊಪ್ಪಳ)

ಎಲ್ಲರಿಗೂ ಧನ್ಯವಾದಗಳು. ನಾನು ಕಪ್ಪು-ಬಿಳುಪಿನ ಕಂಬವನ್ನು ಆರಿಸುತ್ತಿದ್ದೇನೆ. ಅದು ಗೆರೆಯ ಒಳಗಿದೆ ಎಂಬ ಕಾರಣಕ್ಕಲ್ಲ. ಗಂಗಾವತಿಯವರು ಹೇಳಿದ ಆ ಕೂದಲೆಳೆಯ ಬೆಳಕು, ಚಿತ್ರ ತೆಗೆದ ನನಗೇ ಅದುವರೆಗೆ ಕಂಡಿರಲಿಲ್ಲ ಎಂಬ ಕಾರಣಕ್ಕೆ. ಬಿಳಿ ಆಕಾಶದ ಸಮಸ್ಯೆಯನ್ನು ಅವರು ಆಕಾಶವನ್ನೇ ಚೌಕಟ್ಟಿನಿಂದ ಹೊರಗಿಟ್ಟು ಬಗೆಹರಿಸಿದ ರೀತಿಯೂ ನನಗೆ ಹಿಡಿಸಿತು.

ಮುಂದಿನ ವಾರದಿಂದ ಮಾಡಿದ್ದನ್ನು ನಾಲ್ಕು ಸಾಲುಗಳಲ್ಲಿ ಬರೆಯುವುದು, ಸೇರಿಸಿದ್ದು ಅಥವಾ ಅಳಿಸಿದ್ದು ಇದ್ದರೆ ಶೀರ್ಷಿಕೆಯಲ್ಲೇ ಹೇಳುವುದು, ಚಿತ್ರ ಕೊಡುವವರು ಸ್ಥಳದ ಬೆಳಕು ಮತ್ತು ಬಣ್ಣದ ಬಗ್ಗೆ ಎರಡು ಸಾಲು ಬರೆದು ಡಿಎನ್‌ಜಿಯಲ್ಲೇ ಕೊಡುವುದು, ಇಷ್ಟನ್ನು ಪ್ರಯತ್ನಿಸೋಣ. ತಂತಿಯ ವಿಷಯ ಮಾತ್ರ ನನಗೆ ಇನ್ನೂ ಇತ್ಯರ್ಥವಾಗಿಲ್ಲ. ಮೋಡದಂತೆ ಅದನ್ನೂ ಶೀರ್ಷಿಕೆಯಲ್ಲಿ ಘೋಷಿಸಬೇಕೆಂದರೆ, ಲೆನ್ಸಿನ ಮೇಲಿನ ಧೂಳಿನ ಚುಕ್ಕೆ ಅಳಿಸಿದವರೂ ಘೋಷಿಸಬೇಕೇ?

ಉತ್ತರ 6 (ಬಳ್ಳಾರಿಯಿಂದ)

ಧೂಳು ಕ್ಯಾಮೆರಾದ್ದು, ತಂತಿ ಊರಿನದು. ಧೂಳು ಅಳಿಸಲು ಯಾರ ಅಪ್ಪಣೆಯೂ ಬೇಡ. ತಂತಿಯ ಮಟ್ಟಿಗೆ ನಾನು ರಾಯಚೂರಿನವರ ಮಾತಿಗೆ ಬರುತ್ತೇನೆ, ಶೀರ್ಷಿಕೆಯಲ್ಲಿ ಬರೆಯಲಿ. ಕಂಬದ ಚಿತ್ರ ಮಾಡಿದವರು ಮುಂದಿನ ಫೈಲನ್ನು ಯಾವಾಗ ಹಾಕುತ್ತಾರೆಂದು ದಯವಿಟ್ಟು ತಿಳಿಸಲಿ. ಶನಿವಾರ ನಮ್ಮಲ್ಲಿ ಮುಹೂರ್ತಗಳಿವೆ, ಅದಕ್ಕೂ ಮೊದಲೇ ಸಿಕ್ಕರೆ ನಾನೂ ಒಂದು ಕೈ ನೋಡುತ್ತೇನೆ.