ಪಾವಗಡದಲ್ಲಿ ಐದು ಹಸುಗಳಿಗೆ ಮಣ್ಣಿಲ್ಲದ ಟ್ರೇ ಮೇವು: 1.60 ಲಕ್ಷದ ಯಂತ್ರ ತಗೊಳ್ಳಬಹುದಾ?

ತಿರುಮಣಿ ಹೈನು:
ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕು, ತಿರುಮಣಿ ಹತ್ತಿರ. ಇದ್ದ ಏಳು ಎಕರೆಯಲ್ಲಿ ಆರು ಎಕರೆ ಸೋಲಾರ್ ಪಾರ್ಕ್‌ಗೆ ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ಅಂತ ಶುರುವಾಗಿದ್ದು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುತ್ತೆ. ಮಳೆ ನಂಬಿಕೊಂಡಿದ್ದಕ್ಕಿಂತ ಇದು ವಾಸಿ. ಆದರೆ ಕಡಲೆಕಾಯಿ ಹಾಕುತ್ತಿದ್ದಾಗ ಬಳ್ಳಿಯಾದರೂ ದನಕ್ಕೆ ಸಿಗುತ್ತಿತ್ತು, ಈಗ ಅದಕ್ಕೂ ದುಡ್ಡು ಕೊಡಬೇಕು. ಮನೆ ಪಕ್ಕ ಒಂದು ಎಕರೆ ಉಳಿದಿದೆ. ಬೋರಲ್ಲಿ ಒಂದಿಂಚು ನೀರು, ಬೇಸಿಗೆಯಲ್ಲಿ ಬಿಟ್ಟು ಬಿಟ್ಟು ಬರುತ್ತೆ. ಐದು ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಹಸು, ಎರಡು ಕರು.

ಬೆಂಗಳೂರಿಂದ ಒಬ್ಬ ಪಾರ್ಟಿ ಬಂದಿದ್ದ. ಮಣ್ಣೇ ಬೇಡ, ಟ್ರೇಯಲ್ಲಿ ಮುಸುಕಿನ ಜೋಳ ಮೊಳಕೆ ಬರಿಸಿದರೆ ಎಂಟು ದಿನಕ್ಕೆ ಹಸಿರು ಮೇವು ರೆಡಿ, ಒಂದು ಕೆಜಿ ಕಾಳಿಗೆ ಎಂಟು ಕೆಜಿ ಮೇವು, ಹಿಂಡಿ ಪೂರ್ತಿ ನಿಲ್ಲಿಸಬಹುದು ಅಂತಾನೆ. ದಿನಕ್ಕೆ 50 ಕೆಜಿ ಕೊಡೋ ಯಂತ್ರಕ್ಕೆ 1.60 ಲಕ್ಷ. ಮೇಲೆ ತಿಂಗಳಿಗೊಂದು ಕ್ಯಾನ್ 'ಪೋಷಕಾಂಶ ದ್ರಾವಣ' ಅವನ ಹತ್ತಿರವೇ ತಗೋಬೇಕಂತೆ. ಮಾಡಿ ನೋಡಿದವರು ಇದ್ದರೆ ಹೇಳಿ.

ಹರಿಹರದ ಹುಡುಗ:
ಧೈರ್ಯವಾಗಿ ಹಾಕಿ ಬ್ರದರ್. ನಮ್ಮ ಮಾವನ ಮನೆಯಲ್ಲಿದೆ. ಹಸುಗಳು ಮುಗಿಬಿದ್ದು ತಿಂತಾವೆ, ಮೈ ಹೊಳಪು ಬಂದಿದೆ. ಮೆಕ್ಕೆಜೋಳ ನಮ್ಮ ಕಡೆ ಮನೆಯದ್ದೇ, ಹಾಗಾಗಿ ಖರ್ಚಿನ ಲೆಕ್ಕ ನಾವು ಹಾಕಿಲ್ಲ.

ಶಿರಾ ಕೊಟ್ಟಿಗೆ:
ಹರಿಹರದ ತಮ್ಮಾ, ಮನೆ ಜೋಳ ಆದರೂ ಮಂಡಿಗೆ ಹಾಕಿದ್ದರೆ ದುಡ್ಡು ಬರುತ್ತಿತ್ತಲ್ವಾ? ಲೆಕ್ಕ ಹಾಕಲೇಬೇಕು.

ತಿರುಮಣಿ ಅಣ್ಣಾ, ನನ್ನ ಹತ್ತಿರ ನಾಲ್ಕು ಹಸು, ಎರಡು ಕಡಸು ಇವೆ. ಟ್ರೇ ಮೇವು ನಮ್ಮನೇಲಿ ಇವತ್ತಿಗೂ ಬೆಳೆಯುತ್ತೆ, ಹಾಗಾಗಿ ಬೇಡ ಅನ್ನೋಕೆ ಬಂದಿಲ್ಲ. ಆದರೆ ಆ ಪಾರ್ಟಿ ಹೇಳಿದ್ದು ತಕ್ಕಡಿ ಲೆಕ್ಕ, ಹಸುವಿನ ಹೊಟ್ಟೆ ಲೆಕ್ಕ ಅಲ್ಲ.

ಎಂಟು ಬಿಡಿ, ಆರು ಕೆಜಿ ಬರುತ್ತೆ ಅಂತಿಟ್ಟುಕೊಳ್ಳಿ. ಒಂದು ಕೆಜಿ ಒಣ ಕಾಳಲ್ಲಿ ತೇವ ಕಳೆದರೆ 880 ಗ್ರಾಂ ಒಣ ಪದಾರ್ಥ ಇರುತ್ತೆ. ಎಂಟನೇ ದಿನ ಕೈಗೆ ಬರೋ ಆರು ಕೆಜಿ ಮೇವಲ್ಲಿ ಒಣ ಪದಾರ್ಥ ನೂರಕ್ಕೆ 13ರ ಆಸುಪಾಸು, ಅಂದರೆ 780 ಗ್ರಾಂ. ಹೆಚ್ಚಾಗಿಲ್ಲ ಅಣ್ಣಾ, ಕಮ್ಮಿಯಾಗಿದೆ! ಮೊಳಕೆ ಒಡೆಯೋವಾಗ ಕಾಳು ತನ್ನ ಹಿಟ್ಟನ್ನೇ ಸುಟ್ಟುಕೊಂಡು ಉಸಿರಾಡುತ್ತೆ. ಮಿಕ್ಕಿದ್ದು ನಿಮ್ಮ ಬೋರಿನ ನೀರು. ನಂಬಿಕೆ ಬರದಿದ್ದರೆ ಅವನ ಹತ್ತಿರವೇ ಒಂದು ಕೆಜಿ ಮೇವು ಇಸ್ಕೊಂಡು, ಬೇರು ಕಾಳು ಸಮೇತ ಕತ್ತರಿಸಿ, ತಗಡಿನ ಮೇಲೆ ಗರಗರ ಅನ್ನೋ ತನಕ ಒಣಗಿಸಿ ತೂಗಿ. ನೂರೈವತ್ತು ಗ್ರಾಂ ದಾಟಿದರೆ ನನಗೆ ಹೇಳಿ.

ಈಗ ದುಡ್ಡು. 2025-26ಕ್ಕೆ ಮುಸುಕಿನ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400, ಅಂದರೆ ಕೆಜಿಗೆ 24. ಅದನ್ನೇ ನುಚ್ಚು ಮಾಡಿ ಹಾಕಿದರೆ ಒಣ ಲೆಕ್ಕದಲ್ಲಿ ಕೆಜಿಗೆ 27 ರೂಪಾಯಿ ಬೀಳುತ್ತೆ. ಟ್ರೇಯಲ್ಲಿ ಬೆಳೆದು ಹಾಕಿದರೆ 31. ಕರೆಂಟು, ಕೂಲಿ, ಆ 1.60 ಲಕ್ಷ ಯಾವುದೂ ಇದರಲ್ಲಿ ಸೇರಿಲ್ಲ. ರಸಮೇವು (ಸೈಲೇಜ್, ಗಾಳಿಯಾಡದಂತೆ ಹುದುಗಿಸಿಟ್ಟ ಹಸಿರು ಮೇವು) ಕೆಜಿಗೆ 7 ರೂಪಾಯಿಗೆ ಸಿಕ್ಕರೆ, ಅದರಲ್ಲಿ ಒಣ ಭಾಗ ನೂರಕ್ಕೆ 30 ಇರೋದರಿಂದ, 23 ಬೀಳುತ್ತೆ.

ನಾನ್ಯಾಕೆ ಬೆಳೀತೀನಿ ಅಂತ ಕೇಳ್ತೀರಿ. ಮಾರ್ಚ್ ಏಪ್ರಿಲಲ್ಲಿ ಬರೀ ರಾಗಿ ಹುಲ್ಲು ಮುಂದಿಟ್ಟರೆ ಹಸು ಮುಖ ತಿರುಗಿಸುತ್ತೆ. ಕತ್ತರಿಸಿದ ಹುಲ್ಲಿನ ಜೊತೆ ಇದನ್ನು ಕಲಸಿ ಕೊಟ್ಟರೆ ಬಾನಿ ತಳ ನೆಕ್ಕುತ್ತೆ. ಹಸಿರೇ ಕಾಣದ ತಿಂಗಳಲ್ಲಿ ವಿಟಮಿನ್ನಿಗೂ ಒಳ್ಳೇದು. ಹಸುವಿಗೆ ಐದಾರು ಕೆಜಿ ಸಾಕು. 400 ಕೆಜಿ ಹಸುವಿಗೆ ದಿನಕ್ಕೆ ಹತ್ತರಿಂದ ಹನ್ನೆರಡು ಕೆಜಿ ಒಣ ಪದಾರ್ಥ ಬೇಕು. ಎಂಟು ಕೆಜಿ ಟ್ರೇ ಮೇವು ಸುರಿದರೂ ಅದರಲ್ಲಿ ಒಂದು ಕೆಜಿ ಆಗುತ್ತೆ ಅಷ್ಟೇ. ನಾರು ಸಾಲದೆ ಇದನ್ನೇ ನಂಬಿದರೆ ಸಗಣಿ ತೆಳ್ಳಗಾಗಿ, ಡೇರಿಯಲ್ಲಿ ಫ್ಯಾಟ್ ಇಳಿಯುತ್ತೆ. ಹಿಂಡಿ ನಿಲ್ಲಿಸೋ ಮಾತು ಬಿಟ್ಟೇಬಿಡಿ.

ಆ ಕ್ಯಾನು? ಎಂಟು ದಿನದ ಸಸಿಗೆ ಬೇಕಾದ್ದೆಲ್ಲ ಕಾಳಲ್ಲೇ ಇರುತ್ತೆ. ಸೊಪ್ಪು, ಟೊಮ್ಯಾಟೊ ಬೆಳೆಯೋರಿಗೆ ದ್ರಾವಣ ಬೇಕು, ನಮಗೆ ಬರೀ ನೀರು. ಆ ಒಂದು ಮಾತಿಗೇ ಅವನನ್ನು ವಾಪಸ್ ಕಳಿಸಬಹುದಿತ್ತು.

ನಿವೃತ್ತ ಪಶುವೈದ್ಯ, ಚಳ್ಳಕೆರೆ:
ಶಿರಾದ ತಾಯಿ ಹೇಳಿದ ಲೆಕ್ಕ ಸರಿಯಾಗಿದೆ. ಮೊಳಕೆ ಬರಿಸಿದರೆ 'ಪ್ರೋಟೀನ್ ಹೆಚ್ಚುತ್ತದೆ' ಎಂದು ಯಂತ್ರ ಮಾರುವವರು ಹೇಳುವುದೂ ಹೀಗೆಯೇ. ಹಿಟ್ಟಿನ ಅಂಶ ಕರಗಿದ್ದರಿಂದ ಶೇಕಡಾವಾರು ಏರಿದಂತೆ ಕಾಣುತ್ತದೆ. ಹೊರಗಿನಿಂದ ನೀರಲ್ಲದೆ ಏನೂ ಸೇರದಿರುವಾಗ ಪ್ರೋಟೀನ್ ಬರುವುದೆಲ್ಲಿಂದ?

ನನಗೆ ಹೆಚ್ಚಿನ ಆತಂಕ ಇರುವುದು ಬೀಜದ ಬಗ್ಗೆ. ಬಿತ್ತನೆ ಬೀಜದ ಪ್ಯಾಕೆಟ್ಟನ್ನು ಎಂದಿಗೂ ಬಳಸಬೇಡಿ. ಕೆಂಪು ಅಥವಾ ಹಸಿರು ಬಣ್ಣ ಬಳಿದ ಆ ಕಾಳಿಗೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಹಸು ಅದನ್ನು ಬೇರುಸಮೇತ ತಿನ್ನುತ್ತದೆ. ಮಂಡಿಯ ಜೋಳದಲ್ಲಿ ಒಡೆದ ಕಾಳು ಹೆಚ್ಚು. ಅವು ಮೊಳೆಯದೆ ಕೊಳೆತು ಬೂಷ್ಟು ಹಿಡಿಸುತ್ತವೆ. ಮೊದಲು ಒಂದು ಹಿಡಿ ಮೊಳಕೆ ಕಟ್ಟಿ ನೋಡಿ, ನೂರಕ್ಕೆ 85ಕ್ಕಿಂತ ಕಡಿಮೆ ಮೊಳೆತರೆ ಆ ಚೀಲ ಟ್ರೇಗೆ ಬೇಡ. ಬೂಷ್ಟು ಕಂಡ ಟ್ರೇಯನ್ನು ಮೇಲಷ್ಟೇ ಕೆರೆದು ಹಾಕುವವರಿದ್ದಾರೆ. ಹಾಗೆ ಮಾಡಬೇಡಿ, ಪೂರ್ತಿ ತಿಪ್ಪೆಗೆ ಸುರಿಯಿರಿ. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇದ್ದರೆ ಹಾಲಿಗೂ ಇಳಿಯುತ್ತದೆ. ಪ್ರತಿ ಸಲ ಟ್ರೇಯನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಟಾರ್ಪಾಲು ಮುಚ್ಚಿ 21 ದಿನ ಬಿಡಿ. ತೆಗೆದು ಗಾಳಿಗೆ ಹರವಿ, ವಾಸನೆ ಹೋದ ಮೇಲೆ ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುವಿಗೆ ಕೂಡದು. ನಿಮ್ಮ ತಾಲ್ಲೂಕಿಗೆ ಇದು ಯಂತ್ರಕ್ಕಿಂತ ಹೆಚ್ಚು ಉಪಯೋಗ.

ತಿರುಮಣಿ ಹೈನು:
ಅಕ್ಕಾ, ಡಾಕ್ಟರ್ ಸಾರ್, ಇಬ್ಬರಿಗೂ ಥ್ಯಾಂಕ್ಸ್. ಯಂತ್ರ ಕ್ಯಾನ್ಸಲ್, ಅಡ್ವಾನ್ಸ್ ಕೊಟ್ಟಿರಲಿಲ್ಲ ಪುಣ್ಯಕ್ಕೆ. ಆದರೆ ಬೇಸಿಗೆಗೆ ಸ್ವಲ್ಪ ಹಸಿರು ಬೇಕೇ ಬೇಕು. ಯಂತ್ರ ಇಲ್ಲದೆ ಹೇಗೆ ಅಕ್ಕಾ? ನಮ್ಮಲ್ಲಿ 40 ಡಿಗ್ರಿ ಮುಟ್ಟುತ್ತೆ.

ಶಿರಾ ಕೊಟ್ಟಿಗೆ:
ಬಿದಿರು ಗಳ ಕಟ್ಟಿ ನಾಲ್ಕಂತಸ್ತಿನ ಅಟ್ಟಣೆ ಮಾಡಿ, ಹುಣಸೆ ಮರದ ಕೆಳಗಾದರೂ ಸರಿ. ಸುತ್ತ ಶೇಡ್‌ನೆಟ್, ಪಡುವಣ ಮಗ್ಗುಲಿಗೆ ಒದ್ದೆ ಗೋಣಿಚೀಲ ಇಳಿಬಿಡಿ.

ಕಾಳು ತೊಳೆಯುವಾಗ ತೇಲಿದ್ದೆಲ್ಲ ತೆಗೆದುಬಿಡಿ. ಸಂಜೆ ನೆನೆಹಾಕಿ ಬೆಳಗ್ಗೆ ಸೋಸಿ, ಒಂದು ದಿನ ಗೋಣಿಯಲ್ಲಿ ಬಿಗಿಯಾಗಿ ಕಟ್ಟಿಡಿ. ಎರಡಡಿ ಉದ್ದ ಒಂದೂವರೆ ಅಡಿ ಅಗಲದ ಟ್ರೇಗೆ ಒಂದೂವರೆ ಕೆಜಿ ಕಾಳು, ಅದಕ್ಕಿಂತ ದಪ್ಪ ಹರಡಿದರೆ ನಡುವೆ ಬಿಸಿಯಾಗಿ ಹುಳಿವಾಸನೆ ಬರುತ್ತೆ. ಟ್ರೇ ತಳಕ್ಕೆ ತೂತು ಇರಲಿ, ಒಂದು ಕಡೆ ಸ್ವಲ್ಪ ವಾಲಿಸಿ ಇಡಿ, ನೀರು ನಿಲ್ಲಬಾರದು. ಹೆಗಲಿಗೆ ಹಾಕೋ ಸ್ಪ್ರೇಯರಲ್ಲಿ ಹಗಲು ಎರಡು ಗಂಟೆಗೊಮ್ಮೆ ಹನಿಸಿ. ಔಷಧಿ ಹೊಡೆದ ಸ್ಪ್ರೇಯರ್ ಬೇಡ, ಹೊಸದೇ ತನ್ನಿ. ಕೆಳಗೆ ಸೋರಿದ ನೀರು ನುಗ್ಗೆ ಗಿಡಕ್ಕೆ ಹೋಗಲಿ.

ದಿನಕ್ಕೆ ಮೂರು ಟ್ರೇ ಕೊಯ್ದರೆ ಐದು ಹಸುವಿಗೆ ಸಾಕು, ಅಂದರೆ ಒಟ್ಟು ಇಪ್ಪತ್ತನಾಲ್ಕು ಟ್ರೇ. ಮೊದಲು ಆರೇಳು ಟ್ರೇ ಇಟ್ಟು ಕೈ ಪಳಗಿಸಿ. ಜೂನಲ್ಲಿ ಮಳೆ ಹಿಡಿದ ಮೇಲೆ ನಾನಂತೂ ಟ್ರೇ ಎತ್ತಿಟ್ಟುಬಿಡ್ತೀನಿ, ಆಗ ಬದುವಲ್ಲೇ ಹುಲ್ಲು ಸಿಗುತ್ತೆ. ಆ ಒಂದೆಕರೆ ಬದುವಿಗೆ ಮೇವಿನ ಅಗಸೆ ಮರದ ಬೀಜ ಈ ಮಳೆಗೇ ಹಾಕಿ. ಅಟ್ಟಣೆಗೆ ಇಲಿ ಬರುತ್ತೆ, ಜಾಲರಿ ಮೊದಲೇ ಹೊಡೆಸಿಕೊಳ್ಳಿ.