ಪದಚರ್ಚೆ: ‘ಉಸಿರು ನಿಲ್ಲುತ್ತೆ’ ಅನ್ನದೆ ಸ್ಲೀಪ್ ಆಪ್ನಿಯಾ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ,

ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಮುಂದಿನ ತಿಂಗಳು ಒಂದು ದಿನ ಬಿಪಿ ತಪಾಸಣೆ ಇಟ್ಟುಕೊಂಡಿದ್ದೇವೆ. ಅವತ್ತು ಹಂಚಲು ಸ್ಲೀಪ್ ಆಪ್ನಿಯಾ ಬಗ್ಗೆ ಒಂದು ಪುಟದ ಕರಪತ್ರ ಬರೆಯುವ ಕೆಲಸ ನನಗೆ ಬಂದಿದೆ. ಕೆಲವು ಪದಗಳ ಹತ್ತಿರ ಮುಂದೆ ಹೋಗಲಾಗದೆ ನಿಂತಿದ್ದೇನೆ.

ಮೊದಲನೆಯದು ಕಾಯಿಲೆಯ ಹೆಸರೇ. ಆಪ್ನಿಯಾ ಅನ್ನುವುದು ಗ್ರೀಕ್ ಮೂಲದ ಮಾತು, ‘ಉಸಿರಿಲ್ಲದಿರುವುದು’ ಅಂತ ಅರ್ಥ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ದೊಡ್ಡವರಲ್ಲಿ ಕನಿಷ್ಠ 10 ಸೆಕೆಂಡ್ ಹೀಗಾದರೆ ಅದನ್ನು ಒಂದು ಸಲ ಅಂತ ಲೆಕ್ಕ ಹಿಡಿಯುತ್ತಾರೆ. ಪೂರ್ತಿ ಮುಚ್ಚಿದ್ದು, ಅರೆಬರೆ ಮುಚ್ಚಿದ್ದು ಎಲ್ಲ ಸೇರಿ ಗಂಟೆಗೆ 30 ಸಲ ಅಥವಾ ಜಾಸ್ತಿ ಆದರೆ ಅದು ತೀವ್ರ.

ನಾನು ಮೊದಲು ‘ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ’ ಅಂತ ಬರೆದೆ. ಅಮ್ಮ ಓದಿ ಹಾಳೆ ಕೆಳಗಿಟ್ಟರು. ‘ಉಸಿರು ನಿಂತಿತು ಅಂದ್ರೆ ಮುಗೀತು ಅಂತ ಅಲ್ವಾ? ಇದನ್ನ ಯಾರ ಕೈಗೆ ಕೊಡ್ತೀಯ?’ ಅಂದರು. ನಿಜ. ನಮ್ಮ ಮಾತಿನಲ್ಲಿ ನಿಂತ ಉಸಿರು ಮತ್ತೆ ಶುರುವಾಗುವುದಿಲ್ಲ.

‘ಶ್ವಾಸಸ್ತಂಭನ’ ಯಾರ ಬಾಯಿಗೂ ಬರುವುದಿಲ್ಲ. ‘ಉಸಿರುಗಟ್ಟುವಿಕೆ’ ಹತ್ತಿರದ್ದು. ಆದರೆ ಹೊಗೆಯಲ್ಲೋ ಬಾವಿಯಲ್ಲೋ ಉಸಿರುಗಟ್ಟಿದವರಿಗೆ ಅದು ಗೊತ್ತಾಗುತ್ತದೆ. ಇಲ್ಲಿ ಬಹಳ ಸಲ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ‘ಗಂಟಲು ಕಟ್ಟುವುದು’ ಅಂದರೆ ಶೀತಕ್ಕೆ ದನಿ ಹೋದ ಹಾಗೆ ಕೇಳುತ್ತದೆ.

‘ಗೊರಕೆ’ ಸಾಕಲ್ವಾ ಅಂತ ಕೆಲವರು ಕೇಳಿದರು. ಸಾಲುವುದಿಲ್ಲ. ಗೊರಕೆ ಹೊಡೆಯುವ ಎಲ್ಲರಿಗೂ ಈ ಕಾಯಿಲೆ ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ನಮ್ಮ ಮಾತಿನಲ್ಲೇ ಇದೆ. ‘ಗೊರಕೆ ಹೊಡೆದು ಮಲಗಿದ’ ಅಂದರೆ ಚಿಂತೆಯಿಲ್ಲದ ನಿದ್ದೆ. ಅಪ್ಪಯ್ಯನ ಗೊರಕೆ ಕೇಳಿ ನಾವೂ ಎಷ್ಟೋ ವರ್ಷ ಹಾಗೇ ಅಂದುಕೊಂಡೆವು. ಮೂರು ಥರದ ಮಾತ್ರೆ ನುಂಗಿದರೂ ಅವರ ಬಿಪಿ ಇಳಿಯಲಿಲ್ಲ. ಶಿವಮೊಗ್ಗದ ಡಾಕ್ಟರು ನಿದ್ದೆಯ ವಿಚಾರವನ್ನು ಅಪ್ಪಯ್ಯನ ಬದಲು ಅಮ್ಮನ ಹತ್ತಿರ ಕೇಳಿದರು. ಅಮ್ಮ ಹೇಳಿದ್ದು ಹೀಗೆ: ‘ಗೊರಕೆ ಹೊಡೀತಾ ಇರ್ತಾರೆ, ಇದ್ದಕ್ಕಿದ್ದ ಹಾಗೆ ಸದ್ದೇ ಇರಲ್ಲ. ನಾನು ಎದ್ದು ಕೂತು ಎಣಿಸ್ತೀನಿ. ಉಸಿರು ಎಲ್ಲೋ ಸಿಕ್ಕಿಕೊಂಡ ಹಾಗೆ. ಆಮೇಲೆ ಗಕ್ಕನೆ ಎಳ್ಕೊಳ್ತಾರೆ.’

ಈ ‘ಸಿಕ್ಕಿಕೊಂಡ’ ನನ್ನ ಮನಸ್ಸಿನಲ್ಲಿ ಕೂತಿದೆ. ‘ಉಸಿರು ಸಿಕ್ಕಿತು’ ಅಂದರೆ ದೊರಕಿತು ಅಂತಲೂ ಆಗಬಹುದು. ‘ಸಿಕ್ಕಿಕೊಂಡಿತು’ ಅಂದ ಕೂಡಲೇ ಅರ್ಥ ತಿರುಗುತ್ತದೆ. ಸಿಕ್ಕಿಕೊಂಡದ್ದು ಬಿಡಿಸಿಕೊಳ್ಳಲೂಬಹುದು, ಆ ಆಸೆಯೂ ಪದದಲ್ಲೇ ಇದೆ. ನಿಟ್ಟುಸಿರು, ಏದುಸಿರು ಇರುವ ಭಾಷೆಯಲ್ಲಿ ‘ಉಸಿರುಸಿಕ್ಕು’ ನಿಲ್ಲುತ್ತದಾ? ತಲೆಗೂದಲಿನ ಸಿಕ್ಕು ನೆನಪಾಗಿ ಅರ್ಥ ಕೆಡುತ್ತದಾ?

ಎರಡನೆಯ ತೊಡಕು ‘ನರ’. ನಮ್ಮ ಕಡೆ ‘ಹಾರ್ಟಿನ ನರ ಬ್ಲಾಕ್ ಆಗಿದೆ’ ಅನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿ ಮಿದುಳಿನ ಸಂದೇಶ ಒಯ್ಯುವ ನರ ಬೇರೆ, ಹೃದಯದಿಂದ ರಕ್ತ ಒಯ್ಯುವ ಅಪಧಮನಿ ಬೇರೆ. ಬೇರೆ ಕಡೆ ಈ ಬೆರಕೆ ನಡೆದೀತು, ಇಲ್ಲಿ ನಡೆಯುವುದಿಲ್ಲ. ಉಸಿರು ಸಿಕ್ಕಿಕೊಂಡಾಗ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮಿದುಳು ಗಾಬರಿಯಾಗಿ ನರಗಳ ಮೂಲಕ ಎಚ್ಚರಿಕೆ ಕಳಿಸುತ್ತದೆ. ಅದಕ್ಕೆ ಅಪಧಮನಿ ಬಿಗಿಯಾಗುತ್ತದೆ, ಬಿಪಿ ಜಿಗಿಯುತ್ತದೆ. ಎರಡಕ್ಕೂ ನರ ಅಂದರೆ ‘ನರದ ಮಾತಿಗೆ ನರ ಬಿಗಿಯಾಯಿತು’ ಅಂತ ಬರೆಯಬೇಕಾಗುತ್ತದೆ! ಅಪಧಮನಿ ಬರೆದರೆ ಹೃದಯಕ್ಕೆ ರಕ್ತ ವಾಪಸ್ ತರುವ ಅಭಿಧಮನಿ ಜೊತೆ ಗೊಂದಲ, ಒಂದೇ ಅಕ್ಷರದ ವ್ಯತ್ಯಾಸ. ಸದ್ಯಕ್ಕೆ ‘ರಕ್ತನಾಳ’ ಅಂತಲೇ ಇಟ್ಟಿದ್ದೇನೆ.

ಸಾಮಾನ್ಯವಾಗಿ ರಾತ್ರಿ ಬಿಪಿ ನೂರಕ್ಕೆ 10ರಿಂದ 20ರಷ್ಟು ಇಳಿದು ರಕ್ತನಾಳಕ್ಕೆ ವಿಶ್ರಾಂತಿ ಸಿಗುತ್ತದೆ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಅದು ಸಿಗುವುದಿಲ್ಲ. ಆಕ್ಸಿಜನ್ ಇಳಿದು ಏರಿ, ಇಳಿದು ಏರಿ, ನಾಳದ ಒಳಪೊರೆಗೆ ಪೆಟ್ಟಾಗುತ್ತದೆ. ಅಲ್ಲಿ ಕೊಬ್ಬು ಕೂರುತ್ತದೆ, ಗೋಡೆ ಗಟ್ಟಿಯಾಗುತ್ತದೆ. ಇದಕ್ಕೆ ‘ಕಟ್ಟಿಕೊಳ್ಳುವುದು’ ಅರ್ಧ ಮಾತ್ರ ಸರಿ. ತೋಟದ ಪೈಪು ಕಸ ಸೇರಿ ಕಟ್ಟಿಕೊಳ್ಳುವುದು ಬೇರೆ, ಬಿಸಿಲಿಗೆ ಬಿದ್ದು ಪೆಡಸಾಗುವುದು ಬೇರೆ. ಇಲ್ಲಿ ಎರಡೂ ಆಗುತ್ತದೆ. ‘ಪೆಡಸು’ ನಿಮ್ಮ ಕಡೆ ಈಗಲೂ ಬಳಕೆಯಲ್ಲಿದೆಯಾ?

ಹೃದಯದ ಬಡಿತಕ್ಕೆ ಕಷ್ಟವಾಗಲಿಲ್ಲ. ಮುಚ್ಚಿದ ಗಂಟಲಲ್ಲಿ ಉಸಿರೆಳೆಯಲು ಹೋದಾಗ ಎದೆಯೊಳಗೆ ಜಗ್ಗಿದಂತಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಕಾಲ ಕಳೆದಂತೆ ಬಡಿತ ಏರುಪೇರಾಗುವ ಅಪಾಯ ಹೆಚ್ಚುತ್ತದೆ. ಯಕ್ಷಗಾನ ನೋಡಿ ಬೆಳೆದ ಊರಿಗೆ ‘ತಾಳ ತಪ್ಪುವುದು’ ಅಂದರೆ ಸಾಕು.

ಕೊನೆಯದು ಸಿಪ್ಯಾಪ್ ಮಷಿನ್, ಈ ಕಾಯಿಲೆ ಇರುವವರು ಮಲಗುವಾಗ ಮಾಸ್ಕ್ ಮೂಲಕ ಹಾಕಿಕೊಳ್ಳುವುದು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಮತ್ತು ಜೊತೆಗಾರರು ಇದರ ಬಗ್ಗೆ ಮೊದಲು ಬರೆದರು. ನಮ್ಮೂರಲ್ಲಿ ಇದು ‘ಆಕ್ಸಿಜನ್ ಮಷಿನ್’ ಆಗಿಬಿಟ್ಟಿದೆ. ಅಪ್ಪಯ್ಯನ ಮಾಸ್ಕ್ ನೋಡಿ ಪಕ್ಕದ ಮನೆಯವರು ಕಣ್ಣೀರು ಹಾಕಿದರು. ಅದು ಒತ್ತಿ ಕಳಿಸುವುದು ಕೋಣೆಯ ಗಾಳಿಯನ್ನೇ, ಗಂಟಲು ಮುಚ್ಚದ ಹಾಗೆ. ‘ಗಾಳಿಯೊತ್ತಿನ ಮಷಿನ್’ ಅನ್ನೋಣವಾ? ಇದರಿಂದ ಬಿಪಿ ‘ಸ್ವಲ್ಪ ಇಳಿಯುತ್ತದೆ’ ಅಂತ ಬರೆದಿದ್ದೇನೆ, ಹಾರ್ಟ್ ಅಟ್ಯಾಕ್ ‘ತಪ್ಪಿಸುತ್ತದೆ’ ಅಂತ ಬರೆದಿಲ್ಲ. ಈ ಮಷಿನ್ ಬಗ್ಗೆ ನಡೆದ 2016ರ ‘ಸೇವ್’ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದು ಕಾಣಲಿಲ್ಲ. ಅದರಲ್ಲಿದ್ದವರು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಮಷಿನ್ ಹಾಕಿಕೊಂಡಿದ್ದರು.

ಸಾಗರ, ಹೊಸನಗರ, ಕೊಪ್ಪದ ಕಡೆಯವರು ದಯವಿಟ್ಟು ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿ. ಗೊರಕೆಯ ನಡುವೆ ಸದ್ದಡಗುವ ಆ ಹೊತ್ತಿಗೆ ಅವರಲ್ಲಿ ಒಂದು ಮಾತು ಇದ್ದರೆ ಅದನ್ನೇ ತಲೆಬರಹ ಮಾಡುತ್ತೇನೆ. ಹಾಳೆಯನ್ನು ಈ ತಿಂಗಳ ಕೊನೆಗೆ ಅಚ್ಚಿಗೆ ಕೊಡಬೇಕು.